ದಯೆಯೂ ವಿಮೆಯೂ

ನಮ್ಮದು ಸಾಗರದ ಸೀಮೆಯ ಒಂದು ಹಳ್ಳಿ. ಅಡಿಕೆಯ ತೋಟದ ಮಗ್ಗುಲಲ್ಲಿಯೇ ಮನೆ. ನಾನು ಹತ್ತು ವರ್ಷದ ಹುಡುಗನಾಗಿದ್ದಾಗ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು ಮರವನ್ನೇರಿದ್ದ ಕೊನೆಗೌಡನೊಬ್ಬನು ಕಾಲು ಜಾರಿ ಬಿದ್ದು ಸೊಂಟವನ್ನು ಮುರಿದುಕೊಂಡನು. ನಮ್ಮ ಅಜ್ಜನವರು ದಯಾಳುಗಳು. ವೈದ್ಯರ ಖರ್ಚನ್ನು ತಾವೇ ಕೊಟ್ಟರು. ತಿಂಗಳು ತಿಂಗಳಿಗೆ ಆತನ ಮನೆಗೆ ಅಕ್ಕಿಯನ್ನು ಕಳುಹಿಸುವಂತೆ ಹೇಳಿದರು. ಊರವರೆಲ್ಲರೂ ಅವರನ್ನು ಕೊಂಡಾಡಿದರು. ಆರು ತಿಂಗಳು ಅಕ್ಕಿ ಹೋಯಿತು; ಏಳನೆಯ ತಿಂಗಳು ನಿಂತಿತು. ನಿಲ್ಲಿಸಬೇಕೆಂದು ಯಾರೂ ನಿಶ್ಚಯಿಸಿದುದಲ್ಲ. ಅಜ್ಜನವರು ಹಾಸಿಗೆ ಹಿಡಿದರು; ಮನೆಯಲ್ಲಿ ಗಡಿಬಿಡಿ; ಕಳುಹಿಸುವುದು ಮರೆತುಹೋಯಿತು. ಕೊನೆಗೌಡನು ಬಂದು ಕೇಳಲಿಲ್ಲ. ಕೇಳುವುದಕ್ಕೆ ಆತನಿಗೆ ಆಧಾರವಾದರೂ ಏನಿದ್ದಿತು?

ಈ ಹಳೆಯ ಸಂಗತಿಯನ್ನು ನಾನು ಮರೆತೇಬಿಟ್ಟಿದ್ದೆನು. ೨೦೨೪ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಸಮುದ್ರದಾಚೆಯ ಸಿಂಗಪುರದಲ್ಲಿ, ಅದು ಮತ್ತೆ ನನ್ನೆದುರಿಗೆ ಬಂದು ನಿಂತಿತು.

ಉದ್ಯೋಗದ ನಿಮಿತ್ತವಾಗಿ ನಾನು ಸಿಂಗಪುರದಲ್ಲಿ ಸಂಸಾರ ಹೂಡಿ ಹಲವು ವರ್ಷಗಳಾದುವು. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವವರು, ಚಿಕ್ಕ ಮಕ್ಕಳಿಬ್ಬರು, ಊರಿನಿಂದ ಬಂದಿದ್ದ ತಾಯಿಯವರಿಗೆ ಮಂಡಿನೋವು. ಆದುದರಿಂದ ೨೦೨೩ರ ಡಿಸೆಂಬರಿನಲ್ಲಿ ಜಾವಾದ್ವೀಪದ ಹೆಂಗಸೊಬ್ಬಳನ್ನು ಮನೆಗೆಲಸಕ್ಕೆ ಇಟ್ಟುಕೊಂಡೆವು. ಆ ಪುಟ್ಟ ದೇಶದಲ್ಲಿ ಹೀಗೆ ಪರದೇಶಗಳಿಂದ ಬಂದು ಮನೆಗಳಲ್ಲಿ ದುಡಿಯುವ ಹೆಂಗಸರ ಸಂಖ್ಯೆ ಮೂರು ಲಕ್ಷದ ಆಸುಪಾಸಿನಲ್ಲಿದೆ. ಅವರು ಯಜಮಾನನ ಮನೆಯಲ್ಲಿಯೇ ಇದ್ದು, ಅಲ್ಲಿಯೇ ಉಂಡು ಮಲಗುವವರು. ನಮ್ಮವಳು ನನ್ನ ತಾಯಿಯವರನ್ನು ತನ್ನ ಭಾಷೆಯಲ್ಲಿ ‘ನೆನೆಕ್’, ಎಂದರೆ ಅಜ್ಜಿ, ಎಂದು ಕರೆಯುತ್ತಿದ್ದಳು. ತಾಯಿಯವರು ಅವಳೊಡನೆ ಕನ್ನಡದಲ್ಲಿಯೇ ಮಾತನಾಡುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ಹೇಗೆ ತಿಳಿಯುತ್ತಿತ್ತೆಂಬುದು ನನಗೆ ಇಂದಿಗೂ ತಿಳಿಯದು.

ಪರದೇಶದ ಆಳನ್ನು ಕರೆಸಿಕೊಳ್ಳುವ ಗೃಹಸ್ಥನು ಅವಳು ಬಂದಿಳಿಯುವುದಕ್ಕೆ ಮೊದಲೇ ಮೂರು ಕಾಗದಗಳನ್ನು ಸಿದ್ಧಪಡಿಸಿಕೊಳ್ಳಬೇಕೆಂದು ಅಲ್ಲಿಯ ಸರಕಾರದ ಕಟ್ಟಳೆ. ಮೊದಲನೆಯದು ಸರಕಾರಕ್ಕೆ ಬರೆದುಕೊಡುವ ಐದು ಸಾವಿರ ಡಾಲರುಗಳ ಜಾಮೀನು. ಮಲೇಶಿಯಾದವರ ಹೊರತು ಉಳಿದೆಲ್ಲ ಪರದೇಶದ ಆಳುಗಳಿಗೂ ಇದು ಬೇಕು. ಎರಡನೆಯದು ವೈದ್ಯಕೀಯ ವಿಮೆ. ಮೂರನೆಯದು ಅಪಘಾತ ವಿಮೆ. ಸಾಮಾನ್ಯವಾಗಿ ವಿಮೆಯ ಕಂಪೆನಿಗಳು ಈ ಮೂರನ್ನೂ ಒಂದೇ ಕಟ್ಟಾಗಿ ಮಾರುತ್ತವೆ. ಎಲ್ಲಕ್ಕಿಂತ ಅಗ್ಗವಾದ ಕಟ್ಟನ್ನು ಹುಡುಕಿ, ಹಣವನ್ನು ಕಟ್ಟಿ, ಕಾಗದವನ್ನು ಓದದೆಯೇ ಪೆಟ್ಟಿಗೆಯಲ್ಲಿಟ್ಟೆನು. ಸುಂಕದ ಕಟ್ಟೆಯಲ್ಲಿ ಸುಂಕವನ್ನು ಕೊಟ್ಟು ಮುಂದೆ ಹೋಗುವವನ ಮನೋಭಾವವೇ ನನ್ನದಾಗಿದ್ದಿತು. ಈ ವಿಮೆಯ ಹಣವನ್ನಾಗಲಿ, ಸರಕಾರಕ್ಕೆ ತಿಂಗಳು ತಿಂಗಳಿಗೆ ಕೊಡುವ ತೆರಿಗೆಯನ್ನಾಗಲಿ ಆಳಿನ ಸಂಬಳದಿಂದ ಮುರಿದುಕೊಳ್ಳಕೂಡದೆಂದು ಕಾನೂನು ಹೇಳುವುದರಿಂದ, ಅದು ನನಗೆ ಬಿದ್ದ ದಂಡವೆಂದೇ ಆಗ ತೋರಿದ್ದಿತು.

ಎಂಟು ತಿಂಗಳು ಸುಖವಾಗಿ ಕಳೆದುವು. ಒಂದು ದಿನ ಬೆಳಗ್ಗೆ ಅವಳು ಹೊಟ್ಟೆನೋವೆಂದು ಅಡಿಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ಎರಡು ದಿನಗಳಿಂದ ನೋವಿದ್ದರೂ ಹೇಳಿರಲಿಲ್ಲ. ಹೇಳಿದರೆ ಊರಿಗೆ ಕಳುಹಿಸಿಬಿಟ್ಟಾರೆಂಬ ಹೆದರಿಕೆಯಂತೆ. ಆಸ್ಪತ್ರೆಗೆ ಒಯ್ದಾಗ ಕರುಳಿನ ಅಪೆಂಡಿಕ್ಸ್ ಒಡೆದು ವಿಷವೇರಿದೆಯೆಂದು ವೈದ್ಯರು ಒಡನೆಯೇ ಶಸ್ತ್ರಚಿಕಿತ್ಸೆ ಮಾಡಿದರು. ಪ್ರಾಣವುಳಿಯಿತು, ಆದರೆ ಜ್ವರವಿಳಿಯಲಿಲ್ಲ. ಇನ್ನೂ ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕೆಂದು ಹೇಳಲಾಗದೆಂದರು. ಪರದೇಶದವರಿಗೆ ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿಯೂ ರಿಯಾಯಿತಿಯಿಲ್ಲ. ಪೂರ್ಣ ದರವನ್ನು ತೆರಬೇಕು.

ಆ ರಾತ್ರಿ ಪೆಟ್ಟಿಗೆಯಿಂದ ವಿಮೆಯ ಕಾಗದವನ್ನು ತೆಗೆದು ಮೊದಲನೆಯ ಸಲ ಓದಿದೆನು. ಓದಿದ ಮೇಲೆ ತಿಳಿದುದನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ.

ಜಾಮೀನು ಆಳಿನ ರಕ್ಷಣೆಗಾಗಿ ಇರುವ ವಿಮೆಯಲ್ಲ. ನಾನು ಕಟ್ಟಳೆಗಳನ್ನು ಮೀರಿ ನಡೆದರೆ ಸರಕಾರವು ಮುಟ್ಟುಗೋಲು ಹಾಕಿಕೊಳ್ಳುವ ಹಣ. ವಿಮೆಯ ಕಂಪೆನಿಯು ನನ್ನ ಪರವಾಗಿ ಜಾಮೀನು ನಿಂತಿದ್ದರೂ, ಸರಕಾರಕ್ಕೆ ಕೊಟ್ಟುದನ್ನು ಅನಂತರ ನನ್ನಿಂದಲೇ ವಸೂಲು ಮಾಡುತ್ತದೆ. ಬೇರೆ ಕಂತನ್ನು ಕೊಟ್ಟು ಆ ವಸೂಲಿಯಿಂದ ಬಹುಮಟ್ಟಿಗೆ ಬಿಡುಗಡೆ ಪಡೆಯುವ ಏರ್ಪಾಡೂ ಉಂಟು. ಅಗ್ಗದ ಕಟ್ಟನ್ನು ಕೊಂಡ ನಾನು ಅದನ್ನು ಪಡೆದಿರಲಿಲ್ಲ.

ಅಪಘಾತ ವಿಮೆಯು ವರ್ಷಕ್ಕೆ ಅರುವತ್ತು ಸಾವಿರ ಡಾಲರುಗಳಿಗೆ ಕಡಿಮೆಯಾಗಿರಕೂಡದು. ಅನಿರೀಕ್ಷಿತವಾದ ಆಕಸ್ಮಿಕದಿಂದ ಮರಣವಾಗಲಿ ಶಾಶ್ವತವಾದ ಅಂಗವೈಕಲ್ಯವಾಗಲಿ ಒದಗಿದರೆ ಮಾತ್ರ ಈ ಹಣ ಬರುತ್ತದೆ. ಅದು ಬರುವುದು ಯಜಮಾನನಿಗಲ್ಲ. ಆಳಿಗೆ, ಇಲ್ಲವೆ ಅವಳ ವಾರಸುದಾರರಿಗೆ. ಕಟ್ಟಡದ ಕೆಲಸಗಾರರು, ಕಾರ್ಖಾನೆಯ ಕೆಲಸಗಾರರು ಮೊದಲಾದವರಿಗೆ ಅಲ್ಲಿ ಕೆಲಸದ ಗಾಯಗಳ ಪರಿಹಾರಕ್ಕಾಗಿ ಬೇರೊಂದು ಶಾಸನವಿದೆ. ೨೦೧೯ರಲ್ಲಿ ಹೊಸದಾಗಿ ಮಾಡಿದ ಆ ಶಾಸನವು ೨೦೨೦ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಮೈಮುರಿದು ದುಡಿಯುವವನ ಸಂಬಳವೆಷ್ಟಿದ್ದರೂ ಅವನಿಗೆ ಯಜಮಾನನು ಆ ಶಾಸನದ ಮೇರೆಗೆ ವಿಮೆ ಮಾಡಿಸಲೇಬೇಕು. ಆದರೆ ಮನೆಗೆಲಸದ ಹೆಂಗಸರು ಆ ಶಾಸನದ ಹೊರಗಿನವರು. ಅವರಿಗೆ ಅಪಘಾತ ವಿಮೆಯ ಈ ಹಣವೇ ಆಸರೆ.

ನಮ್ಮವಳದು ಅಪಘಾತವಲ್ಲ, ರೋಗ. ಆದುದರಿಂದ ಆಧಾರವಾದುದು ವೈದ್ಯಕೀಯ ವಿಮೆ. ಆಸ್ಪತ್ರೆಯಲ್ಲಿ ಮಲಗಿಸಿ ಮಾಡುವ ಚಿಕಿತ್ಸೆ ಮತ್ತು ಅದೇ ದಿನ ಮನೆಗೆ ಕಳುಹಿಸುವ ಶಸ್ತ್ರಚಿಕಿತ್ಸೆ, ಇವಿಷ್ಟು ಇದರೊಳಗೆ ಸೇರಲೇಬೇಕು. ನೆಗಡಿ ಕೆಮ್ಮುಗಳಿಗೆ ವೈದ್ಯರಲ್ಲಿಗೆ ಹೋದರೆ ಆ ವೆಚ್ಚ ಯಜಮಾನನ ಕೈಯದು. ೨೦೨೩ರ ಜುಲೈ ಒಂದನೆಯ ತಾರೀಖಿನವರೆಗೆ ಈ ವಿಮೆಯ ಕನಿಷ್ಠ ಮಿತಿ ವರ್ಷಕ್ಕೆ ೧೫,೦೦೦ ಡಾಲರು ಮಾತ್ರವಿದ್ದಿತು. ಅಂದಿನಿಂದ ಆರಂಭವಾಗುವ ವಿಮೆಗಳಿಗೆ ಅದನ್ನು ೬೦,೦೦೦ಕ್ಕೆ ಏರಿಸಿದರು. ಮೊದಲ ೧೫,೦೦೦ವನ್ನು ಮೀರಿದ ಮೊಬಲಗಿನಲ್ಲಿ ನೂರಕ್ಕೆ ಎಪ್ಪತ್ತೈದು ಪಾಲನ್ನು ಕಂಪೆನಿಯೂ ಇಪ್ಪತ್ತೈದು ಪಾಲನ್ನು ಯಜಮಾನನೂ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯು ವಿಮೆಯ ಕಾಗದದಲ್ಲಿರಲಿಲ್ಲ. ಅವಳನ್ನು ಕರೆಸಿಕೊಂಡಾಗ ಸರಕಾರವು ವಿಧಿಸಿದ್ದ ಷರತ್ತುಗಳಲ್ಲಿದ್ದಿತು. ಅದೇನೆಂದರೆ, ಆ ದೇಶದಲ್ಲಿರುವವರೆಗೆ ಆಳಿನ ಪೋಷಣೆಯೂ ಚಿಕಿತ್ಸೆಯೂ ಯಜಮಾನನ ಹೊಣೆ. ವಿಮೆಯು ಆ ಹೊಣೆಯನ್ನು ಹೊರುವುದಕ್ಕೆ ಒಂದು ಊರುಗೋಲು, ಅಷ್ಟೆ. ಊರುಗೋಲು ಮುಗಿದಲ್ಲಿ ಹೊಣೆಯೂ ಮುಗಿಯಿತೆಂದಲ್ಲ.

ಇದನ್ನೋದಿ ನನ್ನ ಎದೆ ನಡುಗಿತು. ಆಸ್ಪತ್ರೆಯವರು ಮುಂಗಡ ಹಣವನ್ನು ಕೇಳುತ್ತಿದ್ದರು. ಕಂಪೆನಿಯವರು ಒಪ್ಪಿಗೆಯ ಪತ್ರಕ್ಕೆ ಎರಡು ದಿನ ಬೇಕೆನ್ನುತ್ತಿದ್ದರು. ಮಾರನೆಯ ದಿನ ಪರಿಚಿತರೊಬ್ಬರು, ಇಂಥ ವಿಷಯಗಳಲ್ಲಿ ಅನುಭವವುಳ್ಳವರೆಂದು ಹೆಸರಾದವರು, ನನ್ನನ್ನು ಬದಿಗೆ ಕರೆದು, “ಇನ್ನೆರಡು ದಿನದಲ್ಲಿ ಎದ್ದು ಕೂತಾಳು. ಕೆಲಸ ಬೇಡವೆಂದು ಬರೆಸಿಕೊಂಡು ವಿಮಾನ ಹತ್ತಿಸಿಬಿಡಿ. ಜಾವಾಕ್ಕೆ ಟಿಕೆಟ್ಟು ಎಷ್ಟು ಮಹಾ! ಅಲ್ಲಿಗೆ ನಿಮ್ಮ ಹೊಣೆ ತೀರಿತು” ಎಂದರು.

ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜವನ್ನೇ ಬರೆಯುತ್ತೇನೆ. ಆ ರಾತ್ರಿ ನಾನು ಆ ಲೆಕ್ಕವನ್ನು ಹಾಕಿದೆನು. ಕಾಗದದ ಒಂದು ಮಗ್ಗುಲಲ್ಲಿ ಆಸ್ಪತ್ರೆಯ ದಿನವೊಂದರ ವೆಚ್ಚವನ್ನೂ ಇನ್ನೊಂದು ಮಗ್ಗುಲಲ್ಲಿ ಟಿಕೆಟ್ಟಿನ ಬೆಲೆಯನ್ನೂ ಬರೆದೆನು. ತಾಯಿಯವರು ನಿದ್ರೆ ಬಾರದೆ ಎದ್ದು ಬಂದು ನನ್ನ ಎದುರಿಗೆ ಕುಳಿತರು. ಹೆಂಡತಿಯಿಂದ ಅವರಿಗೆ ಸಂಗತಿ ತಿಳಿದಿದ್ದಿತು.

“ತಮ್ಮಾ, ನಮ್ಮ ಕೊನೆಗೌಡ ಬಿದ್ದದ್ದು ನಿನಗೆ ನೆನಪಿದೆಯೆ?” ಎಂದರು.

“ಇದೆ, ಅಮ್ಮ. ಅಜ್ಜ ಅಕ್ಕಿ ಕಳಿಸುತ್ತಿದ್ದರಲ್ಲ.”

“ಕಳಿಸು ಎಂದವರು ಅವರು. ಅಳೆದು ಕಳಿಸುತ್ತಿದ್ದವಳು ನಾನು. ಮಾವನವರು ಮಲಗಿದ ಮೇಲೆ ಒಂದು ತಿಂಗಳು ಮರೆತೆ. ಮರುತಿಂಗಳು ನೆನಪಾಯಿತು, ಆದರೆ ಯಾರೂ ಕೇಳಲಿಲ್ಲವಲ್ಲ, ಅವರಿಗೇನೋ ದಾರಿಯಾಗಿರಬೇಕು ಎಂದು ಸುಮ್ಮನಾದೆ. ಆಮೇಲೆ ತಿಳಿಯಿತು. ಹಸುವನ್ನು ಮಾರಿದರಂತೆ, ದೊಡ್ಡ ಹುಡುಗನನ್ನು ಶಾಲೆ ಬಿಡಿಸಿದರಂತೆ. ಆ ಹುಡುಗ ನಿನ್ನ ಕ್ಲಾಸಿನವನೇ. ಈಗಲೂ ಅಕ್ಕಿ ಅಳೆಯುವಾಗ ಒಮ್ಮೊಮ್ಮೆ ಅದು ನೆನಪಾಗುತ್ತದೆ.”

ಅವರು ಮತ್ತೇನನ್ನೂ ಹೇಳಲಿಲ್ಲ. ನಾನು ಆ ಲೆಕ್ಕದ ಕಾಗದವನ್ನು ಹರಿದೆನು.

ಅವಳು ಆಸ್ಪತ್ರೆಯಲ್ಲಿ ಇನ್ನೂ ಒಂಬತ್ತು ದಿನ ಇದ್ದು ಗುಣಹೊಂದಿ ಮನೆಗೆ ಬಂದಳು. ಒಟ್ಟು ವೆಚ್ಚವು ೨೮,೦೦೦ ಡಾಲರು ಆಯಿತು. ಹದಿನೈದು ಸಾವಿರವನ್ನು ಮೀರಿದುದು ೧೩,೦೦೦. ಅದರ ಕಾಲುಭಾಗ ೩,೨೫೦. ಇಷ್ಟು ನನ್ನ ಪಾಲಿಗೆ ಬಂದಿತು; ಉಳಿದ ೨೪,೭೫೦ವನ್ನು ಕಂಪೆನಿಯು ಕೊಟ್ಟಿತು. ಹಳೆಯ ಮಿತಿಯೇ ಇದ್ದಿದ್ದರೆ ನಾನು ಹದಿಮೂರು ಸಾವಿರವನ್ನೂ ಪೂರ್ತಿಯಾಗಿ ತೆರಬೇಕಾಗಿತ್ತು. ಆಗ ಆ ಲೆಕ್ಕದ ಕಾಗದವನ್ನು ಹರಿಯುವಷ್ಟು ಧೈರ್ಯ ನನಗಿರುತ್ತಿತ್ತೆ? ಇರುತ್ತಿತ್ತೆಂದು ಎದೆ ಮುಟ್ಟಿ ಹೇಳಲಾರೆನು. ಶಾಸನ ಮಾಡುವವರು ವಿಮೆಯನ್ನು ಗೃಹಸ್ಥನ ಇಷ್ಟಕ್ಕೆ ಬಿಡದೆ ಕಡ್ಡಾಯ ಮಾಡುವುದೇತಕ್ಕೆಂಬುದು ನನಗೆ ಅರ್ಥವಾದುದು ಹೀಗೆ. ಯಜಮಾನನು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ಅಲ್ಲಿಲ್ಲ. ಒಳ್ಳೆಯವನಿಗೂ ಕೈ ಮೀರಿದ ಹೊರೆ ಬಂದಾಗ ಮನಸ್ಸು ಕೆಡುವುದುಂಟು. ಹೊರೆಯನ್ನು ಸಾವಿರಾರು ಮಂದಿಗೆ ಮುಂಚೆಯೇ ಹಂಚಿಟ್ಟರೆ ಮನಸ್ಸು ಕೆಡುವ ಸಂದರ್ಭವೇ ವಿರಳವಾಗುತ್ತದೆ.

ಈ ವಿಚಾರವು ಹೊಸದೇನೂ ಅಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕನು ಪ್ರಧಾನನಾಗಿದ್ದಾಗ, ೧೮೮೪ರಲ್ಲಿಯೇ, ಯಜಮಾನರ ಹಣದಿಂದ ನಡೆಯುವ ಅಪಘಾತ ವಿಮೆಯು ಶಾಸನವಾಯಿತು. ಇಂಡಿಯಾದಲ್ಲಿ ೧೯೨೩ರಲ್ಲಿ ಕೆಲಸಗಾರರ ನಷ್ಟಪರಿಹಾರದ ಶಾಸನವಾಯಿತು. ಅದು ಯಜಮಾನನಿಗೆ ಹೊಣೆಯನ್ನು ಹೊರಿಸಿತೇ ಹೊರತು, ಆ ಹೊಣೆಯನ್ನು ತೀರಿಸಲು ವಿಮೆ ಮಾಡಿಸಿಡಬೇಕೆಂದು ಕಟ್ಟು ಮಾಡಲಿಲ್ಲ. ಹೊಣೆ ಎಷ್ಟಿದ್ದರೇನು, ಕೊಡಬೇಕಾದವನ ಕೈಯೇ ಬರಿದಾಗಿದ್ದರೆ? ೧೯೨೫ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು, ಅಪಘಾತ ಪರಿಹಾರದ ವಿಷಯದಲ್ಲಿ ಸ್ವದೇಶದ ಕೆಲಸಗಾರನಿಗೂ ಪರದೇಶದ ಕೆಲಸಗಾರನಿಗೂ ಭೇದ ಮಾಡಕೂಡದೆಂಬ ಒಪ್ಪಂದವನ್ನು ಅಂಗೀಕರಿಸಿತು. ಪರದೇಶದವನಿಗೆ ಇದು ಹೆಚ್ಚು ಅವಶ್ಯ. ಏಕೆಂದರೆ ಅವನ ನೆಂಟರು, ನೆರೆಹೊರೆಯವರು, ದೇವಸ್ಥಾನ, ಊರ ಹಿರಿಯರು ಎಲ್ಲವೂ ಸಮುದ್ರದಾಚೆ.

ನಮ್ಮ ಕರಾವಳಿಯಿಂದ ಗಲ್ಫ್ ದೇಶಗಳಿಗೆ ದುಡಿಯಲು ಹೋದವರು ಯಾರ ನೆಂಟರಲ್ಲಿಲ್ಲ? ಅಂಥವರಲ್ಲಿ ವಲಸೆಯ ಅನುಮತಿ ಬೇಕಾದವರಿಗೆ ನಮ್ಮ ಸರಕಾರವೂ ೨೦೦೩ರಿಂದ ‘ಪ್ರವಾಸಿ ಭಾರತೀಯ ಬೀಮಾ ಯೋಜನೆ’ಯನ್ನು ಕಡ್ಡಾಯ ಮಾಡಿದೆ, ಆಕಸ್ಮಿಕದಿಂದ ಮರಣವೋ ಶಾಶ್ವತ ಅಂಗವೈಕಲ್ಯವೋ ಒದಗಿದರೆ ಹತ್ತು ಲಕ್ಷ ರೂಪಾಯಿ ಅದರ ಮೇರೆ. ಹೊರಡುವವನ ಮನೆಯವರು ಆ ಕಾಗದದ ಪ್ರತಿಯೊಂದನ್ನು ತಮ್ಮಲ್ಲಿಟ್ಟುಕೊಳ್ಳುವುದು ಮೇಲು. ಕಾಗದ ಎಲ್ಲಿದೆಯೆಂದು ತಿಳಿಯದಿದ್ದರೆ ಹಕ್ಕು ಇದ್ದೂ ಇಲ್ಲದಂತೆ.

ಸಿಂಗಪುರದಲ್ಲಿ ೨೦೨೫ರ ಜುಲೈಯಿಂದ ಆರಂಭವಾಗುವ ವಿಮೆಗಳಲ್ಲಿ ಕಂಪೆನಿಯು ಆಸ್ಪತ್ರೆಗೆ ನೇರವಾಗಿ ಹಣವನ್ನು ಕೊಡಬೇಕೆಂದೂ, ಯಾವ ಯಾವ ರೋಗಗಳನ್ನು ಕೈಬಿಡಬಹುದೆಂಬ ಪಟ್ಟಿಯು ಎಲ್ಲ ಕಂಪೆನಿಗಳಿಗೂ ಒಂದೇ ಆಗಿರಬೇಕೆಂದೂ ಗೊತ್ತುಮಾಡಿದ್ದಾರೆ. ನಾನು ಪಟ್ಟ ಪಾಡಿನಲ್ಲಿ ಒಂದು ಪಾಲು ಮುಂದಿನವರಿಗೆ ತಪ್ಪಿತು. ಆದರೂ ಪರದೇಶದಲ್ಲಿ ಆಳನ್ನು ಇಟ್ಟುಕೊಳ್ಳುವ ನಮ್ಮವರಿಗೆ ನನ್ನ ವಿಜ್ಞಾಪನೆಯಿಷ್ಟೆ: ಕಾಗದವನ್ನು ಕೊಂಡ ದಿನವೇ ಓದಿರಿ, ಆಳಿಗೂ ಅವಳ ಭಾಷೆಯಲ್ಲಿ ತಿಳಿಯಪಡಿಸಿರಿ. ನಮ್ಮವಳು ಎರಡು ದಿನ ನೋವನ್ನು ನುಂಗಿಕೊಂಡಿದ್ದುದು ತನಗೆ ವಿಮೆಯಿದೆಯೆಂಬುದು ತಿಳಿಯದೆ. ಹೇಳಬೇಕಾದವನು ನಾನು, ನಾನೇ ಓದಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ತಾಯಿಯವರು ಹದಿನೈದು ದಿನ ತಮ್ಮ ಕೈಯಿಂದಲೇ ಗಂಜಿ ಬೇಯಿಸಿ ಅವಳಿಗೆ ಕೊಟ್ಟರು. ಮಂಡಿನೋವಿನಲ್ಲಿಯೂ ಒಲೆಯ ಮುಂದೆ ನಿಂತರು. ಈಗ ಅವಳು ಒಪ್ಪಂದದ ಅವಧಿಯನ್ನು ಮುಗಿಸಿಕೊಂಡು ತನ್ನ ಊರಿಗೆ ಹೋಗಿದ್ದಾಳೆ. ಹೊರಡುವ ದಿನ ತಾಯಿಯವರ ಕೈಹಿಡಿದು, “ನೆನೆಕ್, ನಿಮ್ಮ ಗಂಜಿಯನ್ನು ಮರೆಯಲಾರೆ” ಎಂದು ಅರ್ಧ ತನ್ನ ಭಾಷೆಯಲ್ಲಿಯೂ ಅರ್ಧ ಕನ್ನಡದಲ್ಲಿಯೂ ಹೇಳಿ ಅತ್ತಳು. ಇಪ್ಪತ್ತೆಂಟು ಸಾವಿರ ಡಾಲರುಗಳ ವಿಷಯವನ್ನು ಎತ್ತಲೇ ಇಲ್ಲ. ಅದು ಸರಿಯೇ ಎಂದು ನನಗೆ ತೋರಿತು. ಆ ಹಣ ಅವಳಿಗೆ ಸಲ್ಲತಕ್ಕದ್ದಾಗಿದ್ದಿತು. ಸಲ್ಲತಕ್ಕದ್ದಕ್ಕೆ ಯಾರೂ ಕೈಮುಗಿಯಬೇಕಾಗಿಲ್ಲ. ಗಂಜಿ ಮಾತ್ರ ದಯೆಯಿಂದ ಬಂದದ್ದು.