ಏಳನೇ ಸ್ಥಾನದಿಂದ

ತದಡಿಯಿಂದ ಅಘನಾಶಿನಿಗೆ ಬಾರ್ಜಲ್ಲಿ ಬರ್ತಿದ್ದೆ, ನಮ್ಮ ಪ್ರೊ ಕಬಡ್ಡಿ ಫ್ಯಾಂಟಸಿ ಗ್ರೂಪಿನ ವಾರದ ಪಟ್ಟಿ ಬಂತು. ಎಂಟು ಜನರಲ್ಲಿ ನಾನು ಏಳನೆಯವ! 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಆ್ಯಪಲ್ಲಿ ದುಡ್ಡಿನ ಆಟ ಬಂದ್. ಈಗ ಲೆಕ್ಕವೆಲ್ಲ ನಮ್ಮದೇ ನೋಟ್‌ಬುಕ್ಕಲ್ಲಿ, ಕೊನೆಯವ ಎಲ್ಲರಿಗೂ ಬಳಚು ಚಿಪ್ಪಿ ತಂದು ಹಾಕ್ಬೇಕು, ಅಷ್ಟೇ.

ಕ್ಯಾಪ್ಟನ್ ಪಾಯಿಂಟು ಡಬಲ್ ಅಂತ ನಾವು ಏಳೂ ಜನ ರೈಡರನ್ನೇ ಹಾಕಿದ್ವಿ. ಮೊದಲನೇ ಸ್ಥಾನದವನ ಕ್ಯಾಪ್ಟನ್ ಕಾರ್ನರ್ ಡಿಫೆಂಡರ್ ಮಾರಾಯ್ರೆ! ಮ್ಯಾಟ್ ಮೇಲೆ ಮೂರೇ ಜನ ಉಳಿದಾಗ ಕಣಕಾಲು ಹಿಡಿದು ಬಿಡಲಿಲ್ಲ. ಸೂಪರ್ ಟ್ಯಾಕಲ್, ಎರಡು ಪಾಯಿಂಟು. ಅದು ಡಬಲ್ಲಾಗಿ ನಾಲ್ಕು.

ಊರಿನ ಪಂದ್ಯದಲ್ಲೂ ಶಿಳ್ಳೆ ರೈಡರಿಗೇ ಅಲ್ವಾ? ಹಿಡಿದವನ ಹೆಸರು ಯಾರಿಗಾದ್ರೂ ನೆನಪಿದೆಯಾ, ಹೇಳಿ.