ರೀಫಿಲ್ ಕೊಳವೆಯಲ್ಲಿ ಭಾಮಿನಿ ಷಟ್ಪದಿ

ಛಂದಸ್ಸು ಎಂದೊಡನೆ ನಿಮ್ಮಲ್ಲಿ ಹಲವರಿಗೆ ಇಂದಿಗೂ ಎದೆ ನಡುಗುವುದೆಂದು ಬಲ್ಲೆ. ಪದ್ಯದ ಸಾಲಿಗೆ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆದರೆ ಅಂಕ ಕೈಸೇರುತ್ತದೆ; ಪರೀಕ್ಷೆಯ ಮರುದಿನ ಎಲ್ಲವೂ ಮರೆತುಹೋಗುತ್ತದೆ. ಮಕ್ಕಳು ಸ್ವಂತವಾಗಿ ಕವಿತೆ ಬರೆಯಲು ಈ ಲೆಕ್ಕಾಚಾರವೇ ಅಡ್ಡಿ ಎನ್ನುವವರೂ ಉಂಟು. ನನ್ನ ಅನುಭವ ಬೇರೆ. ಲೆಕ್ಕವು ಕೈಗೆ ಸಿಕ್ಕಿದ ಮೇಲೆಯೇ ನನ್ನ ಮಕ್ಕಳು ಪದಗಳನ್ನು ಹುಡುಕಲು ತೊಡಗಿದ್ದು.

‘ಕೈಗೆ’ ಎಂದದ್ದು ಅಕ್ಷರಶಃ ನಿಜ. ಕೈಕಸುಬಿನ ಮೂಲಕವೇ ಉಳಿದ ವಿಷಯಗಳನ್ನೂ ಕಲಿಸಬೇಕೆಂಬ ಗಾಂಧೀಜಿಯವರ ಶಿಕ್ಷಣ ವಿಚಾರ 1937ರ ವಾರ್ಧಾ ಸಮ್ಮೇಳನದಲ್ಲಿ ಚರ್ಚೆಗೆ ಬಂದಿತ್ತು. ಬಿ.ಎಡ್. ತರಗತಿಯಲ್ಲಿ ನಾವು ಅದನ್ನು ಟಿಪ್ಪಣಿಯಾಗಿ ಕಂಠಪಾಠ ಮಾಡಿದ್ದೆವು, ಅಷ್ಟೆ. ಮಾಡಿ ನೋಡುವ ಸಂದರ್ಭ ಒದಗಿದ್ದು 1993ರಲ್ಲಿ, ಆಗಿನ ಧಾರವಾಡ ಜಿಲ್ಲೆಯ ಗದಗ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಕರಕುಶಲದ ಶಿಕ್ಷಕರಿರಲಿಲ್ಲವಾಗಿ ಆ ಅವಧಿಯೂ ಕನ್ನಡದ ನನ್ನ ಪಾಲಿಗೆ ಬಂತು. ಸಾಮಗ್ರಿಗೆ ಹಣವಿಲ್ಲ. ಆದರೆ ಮಕ್ಕಳ ಚೀಲದಲ್ಲಿ ಶಾಯಿ ಮುಗಿದ ಬಾಲ್‌ಪೆನ್ ರೀಫಿಲ್ಲುಗಳಿಗೆ ಬರವಿರಲಿಲ್ಲ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಆದ್ದರಿಂದ ಲಘುವಿಗೆ ಅರ್ಧ ಇಂಚಿನ ತುಂಡು, ಗುರುವಿಗೆ ಒಂದು ಇಂಚಿನ ತುಂಡು. ಪದ್ಯವನ್ನು ಓದುತ್ತ ಅಕ್ಷರಕ್ಕೊಂದರಂತೆ ತುಂಡುಗಳನ್ನು ದಾರಕ್ಕೆ ಪೋಣಿಸುವುದು, ಗಣ ಮುಗಿದಲ್ಲಿ ಗಂಟು ಹಾಕುವುದು. ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳಲ್ಲಿ 3, 4, 3, 4 ಎಂದು ಹದಿನಾಲ್ಕು ಮಾತ್ರೆ. ಅಂದರೆ ಏಳು ಇಂಚಿನ ಕೊಳವೆ. 3 ಮತ್ತು 6ನೆಯ ಸಾಲುಗಳಲ್ಲಿ ಅದೇ ನಡೆ ಮೂರು ಬಾರಿ ಬಂದು ಕೊನೆಗೊಂದು ಗುರು. ಇಪ್ಪತ್ತಮೂರು ಮಾತ್ರೆ, ಹನ್ನೊಂದೂವರೆ ಇಂಚು. ಒಂದು ಸಾಲಿನಲ್ಲಿ ಹನ್ನೆರಡು ಅಕ್ಷರ, ಇನ್ನೊಂದರಲ್ಲಿ ಹತ್ತೇ ಇದ್ದರೂ ಎರಡು ದಾರಗಳು ಸರಿಸಮನಾಗಿ ತೂಗುವುದನ್ನು ಕಂಡಾಗ ಮಕ್ಕಳಿಗೆ ಆದ ಬೆರಗನ್ನು ನಾನು ಮರೆತಿಲ್ಲ. ಕುಮಾರವ್ಯಾಸನ ಭಾರತವಿರುವುದು ಈ ಛಂದಸ್ಸಿನಲ್ಲೇ. ಗದುಗಿನ ವೀರನಾರಾಯಣನ ಗುಡಿ ನಮ್ಮ ಶಾಲೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಶಾಲಾ ತಪಾಸಣೆಗೆ ಬಂದವರೊಬ್ಬರು ಮಾತ್ರ ಮೂಗು ಮುರಿದು, “ಇದು ಕನ್ನಡದ ತರಗತಿಯೋ, ಬಳೆಗಾರರ ಅಂಗಡಿಯೋ?” ಎಂದಿದ್ದರು. ಅವರ ಕೈಗೂ ಒಂದು ದಾರ ಕೊಟ್ಟೆ. ಎರಡನೆಯ ಗಣಕ್ಕೇ ಅವರಿಗೆ ಹೊತ್ತಾಯಿತು.

ಒಂಬತ್ತನೆಯ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ ಹುಡುಗಿಯೊಬ್ಬಳಿದ್ದಳು. ತಾಯಿ ಊರವರಿಗೆ ಕೌದಿ ಹೊಲಿದುಕೊಡುತ್ತಿದ್ದರು. ಅರ್ಧವಾರ್ಷಿಕ ಪರೀಕ್ಷೆಯ ಅಂಕ ನೋಡಿ, ಇನ್ನು ಇವಳೂ ಸೂಜಿ ಹಿಡಿಯಲಿ ಎಂದು ತಂದೆ ನಿರ್ಧರಿಸಿದ್ದಾರೆಂಬ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು. ಸ್ವಂತ ಸಾಲು ಕಟ್ಟಿರೆಂದು ನಾನು ಹೇಳಿದ ದಿನ ಅವಳು ಬರೆದದ್ದು: ‘ಅವ್ವ ಹೊಲಿದಳು ಹಳೆಯ ಬಟ್ಟೆ’. ಪೋಣಿಸಿ ಅಳೆದಳು. “ಅಕ್ಕೋರ, ಅರ್ಧ ಇಂಚು ಕಡಿಮಿ ಬಿತ್ರಿ” ಎಂದಳು. ಆ ವರ್ಷ ಅವಳಾಗಿಯೇ ನನ್ನೊಡನೆ ಆಡಿದ ಮೊದಲ ಮಾತದು.

‘ಬಟ್ಟೆಯ’ ಎಂದಿದ್ದರೂ ಅಳತೆ ಕೂಡುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಸಂಜೆಯ ಗಂಟೆಯವರೆಗೂ ತುಂಡುಗಳನ್ನು ಬಿಚ್ಚುತ್ತ, ಕೂಡಿಸುತ್ತ ಕುಳಿತಳು. ಕೊನೆಗೆ ತಂದು ತೋರಿಸಿದ್ದು ಎರಡು ಸಾಲು:

ಅವ್ವ ಹೊಲಿದಳು ಹರಿದ ಸೀರೆಯ
ತಮ್ಮನಂಗಿಯ ತೋಳು ಅಂಚಿಗೆ

ಆದಿಪ್ರಾಸವಿಲ್ಲ, ‘ತೋಳು ಅಂಚಿಗೆ’ ಎಂಬಲ್ಲಿ ಪಂಡಿತರು ವಿಸಂಧಿದೋಷ ಹಿಡಿದಾರು. ಹಿಡಿಯಲಿ. ಎಲ್ಲರ ಮನೆಯಲ್ಲೂ ಇರುವ ಹಳೆಯ ಬಟ್ಟೆ ಹೋಗಿ, ಅವಳ ಮನೆಯ ಸೀರೆ ಮತ್ತು ಅವಳ ತಮ್ಮನ ಅಂಗಿ ಬಂದಿದ್ದವು. ಅರ್ಧ ಇಂಚಿನ ಕೊರತೆಯಿಲ್ಲದಿದ್ದರೆ ಆ ಹುಡುಗಿ ಮೊದಲ ಸಾಲಿಗೇ ತೃಪ್ತಳಾಗಿ ಎದ್ದುಹೋಗುತ್ತಿದ್ದಳು ಎಂಬುದು ನನ್ನ ದೃಢವಾದ ನಂಬಿಕೆ. ‘ಮನಸ್ಸಿಗೆ ಬಂದದ್ದನ್ನು ಬರೆ’ ಎಂದು ಮಗುವಿಗೆ ಹೇಳುವುದು ಉದಾರವಾಗಿ ಕೇಳಿಸುತ್ತದೆ. ಆದರೆ ಮೊದಲು ಮನಸ್ಸಿಗೆ ಬರುವುದು ಸಾಮಾನ್ಯವಾಗಿ ಬೇರೆಯವರ ಮಾತೇ.

ಮುಂದಿನ ವಾರ ತಾಯಿಯನ್ನು ಶಾಲೆಗೆ ಕರೆಸಿದೆ. ಓದು ಬಾರದ ಹೆಂಗಸು. ದೂರು ಕೇಳಲು ಸಿದ್ಧರಾಗಿಯೇ ಬಂದಂತಿತ್ತು. ಸಾಲುಗಳನ್ನು ಓದಿ ಹೇಳಿ, ಎರಡು ದಾರಗಳನ್ನೂ ಅವರ ಕೈಗಿತ್ತೆ. ಬಹಳ ಹೊತ್ತು ಬೆರಳಿನಿಂದ ಸವರಿ, “ಅಕ್ಕೋರ, ಇದರಾಗ ‘ಅವ್ವ’ ಅನ್ನೂದು ಎಲ್ಲೈತ್ರಿ?” ಎಂದು ಕೇಳಿದರು. ಮೊದಲ ಎರಡು ತುಂಡುಗಳನ್ನು ತೋರಿಸಿದೆ: ಒಂದು ಉದ್ದ, ಒಂದು ಗಿಡ್ಡ. ಅವರು ಅಲ್ಲೇ ಬೆರಳಿಟ್ಟುಕೊಂಡು ಕುಳಿತರು. ಹುಡುಗಿ ಹತ್ತನೆಯ ತರಗತಿಗೂ ಬಂದಳು, ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾದಳು. ಮನೆಯಲ್ಲಿ ಯಾರು ಯಾರಿಗೆ ಏನು ಹೇಳಿದರೋ, ನಾನು ಕೇಳಲಿಲ್ಲ.

ಮೊಮ್ಮಕ್ಕಳೊಡನೆ ಇದನ್ನು ಮಾಡಿ ನೋಡುವವರು ಕಾಗದದ ಸ್ಟ್ರಾ ಬಳಸಬಹುದು. ಕತ್ತರಿಸಲು ಸುಲಭ, ಕೈಗೆ ಶಾಯಿ ಮೆತ್ತುವುದಿಲ್ಲ. ಉದ್ದದ ತುಂಡನ್ನು ಎರಡಾಗಿ ಕತ್ತರಿಸಿ ಎರಡು ಗಣಗಳಿಗೆ ಹಂಚುವ ಉಪಾಯವನ್ನು ಅವರು ಖಂಡಿತ ಹೂಡುತ್ತಾರೆ, ಬಿಡಬೇಡಿ, ಪದವನ್ನೇ ಬದಲಿಸಲಿ. ದಾರ ಹತ್ತಿಯದಿರಲಿ. ನೈಲಾನಿನಲ್ಲಿ ಗಂಟು ಜಾರುತ್ತದೆ.