ಹೆದ್ದಾರಿ ಹೋಟೆಲುಗಳೂ ನಮ್ಮ ಊರಿನ ಮಕ್ಕಳೂ

ಶನಿವಾರ ಬೆಳಿಗ್ಗೆ ಏಳರಿಂದ ಒಂಬತ್ತೂವರೆಯ ತನಕ ನಮ್ಮ ಕಡೆಯ ಹೆದ್ದಾರಿ ಹೋಟೆಲುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೆಂಗಳೂರಿನಿಂದ ಐದು, ಐದೂವರೆಗೆ ಹೊರಟ ಕಾರುಗಳು ಅತ್ತಿಬೆಲೆ, ಜೂಜುವಾಡಿ, ಹೊಸೂರು ದಾಟಿ ಶೂಲಗಿರಿ, ಕೃಷ್ಣಗಿರಿ ಮುಟ್ಟುವಾಗ ಸರಿಯಾಗಿ ತಿಂಡಿಯ ಹೊತ್ತು. ಬೆಂಗಳೂರಿಂದ ಕೃಷ್ಣಗಿರಿಗೆ ಸುಮಾರು 90 ಕಿ.ಮೀ. ಹೊಟ್ಟೆ ಕೇಳುವ ದೂರವೂ ಅಷ್ಟೇ ಇರಬೇಕು!

ಓದುಗರಲ್ಲಿ ಎಷ್ಟೋ ಜನ ಈ ದಾರಿಯಲ್ಲಿ ಹೋಗಿರುತ್ತೀರಿ, ಇಲ್ಲಿ ಇಳಿದು ಪೊಂಗಲ್ ತಿಂದಿರುತ್ತೀರಿ. ಆದರೆ ರಸ್ತೆಯ ಎರಡು ಬದಿಗೂ ಎರಡು ಸ್ವಭಾವ ಇದೆ ಅನ್ನುವುದನ್ನು ಗಮನಿಸಿದ್ದೀರಾ? ಕೃಷ್ಣಗಿರಿಯ ಕಡೆ ಹೋಗುವ ಬದಿ ಇಡ್ಲಿ, ವಡೆ, ಪೊಂಗಲ್ಲಿನ ಬದಿ. ಬೆಂಗಳೂರಿಗೆ ಹಿಂದಿರುಗುವ ಬದಿ ಮಧ್ಯಾಹ್ನದ ಊಟದ್ದು ಮತ್ತು ಸಂಜೆಯ ಕಾಫಿಯದು. ಚೆನ್ನೈಯಿಂದ ಬೆಳಿಗ್ಗೆ ಹೊರಟವರು ಸುಮಾರು 250 ಕಿ.ಮೀ. ದಾಟಿ ಇಲ್ಲಿಗೆ ಬರುವಾಗ ಹಸಿದಿರುತ್ತಾರೆ. ಭಾನುವಾರ ಸಂಜೆಯಂತೂ ತಿರುಪತ್ತೂರು, ವೇಲೂರು, ಸೇಲಂ, ತಿರುವಣ್ಣಾಮಲೈ ಎಲ್ಲ ಕಡೆಯಿಂದ ಬೆಂಗಳೂರಿಗೆ ಮರಳುವವರ ಸಾಲು. ನಡುವೆ ತಡೆಗೋಡೆ ಇರುವುದರಿಂದ ಈ ಬದಿಯವರು ಆ ಬದಿಗೆ ಹೋಗಲಾರರು. ಆದ್ದರಿಂದಲೇ ಕೆಲವು ಹೋಟೆಲುಗಳು ಎರಡೂ ಬದಿಗೆ ಒಂದೊಂದು ಅಂಗಡಿ ತೆರೆಯುವುದು.

ನಾವು ಟಿ.ಸಿ.ಎಚ್. ಓದುವ ಕಾಲಕ್ಕೆ ಈ ರಸ್ತೆ ಹೀಗಿರಲಿಲ್ಲ. ಅದು ರಾಷ್ಟ್ರೀಯ ಹೆದ್ದಾರಿ 7, ವಾರಾಣಸಿಯಿಂದ ಕನ್ಯಾಕುಮಾರಿಗೆ. ಎರಡು ಲಾರಿ ಎದುರುಬದುರು ಬಂದರೆ ಬಸ್ಸಿನವನು ಮಣ್ಣಿಗೆ ಇಳಿಸುತ್ತಿದ್ದ. ಹುಣಸೆಮರದ ಕೆಳಗೆ ಲಾರಿ ನಿಲ್ಲಿಸಿ ಚಾಲಕರು ಊಟ ಮಾಡುವ ಗರಿಯ ಹೋಟೆಲುಗಳು, ಅಲ್ಲೇ ತೊಟ್ಟಿಯ ನೀರಿನಲ್ಲಿ ಸ್ನಾನ. 1999ರಲ್ಲಿ ಸುವರ್ಣ ಚತುಷ್ಪಥ ಯೋಜನೆ ಶುರುವಾಯಿತು. ಮುಂಬೈ-ಬೆಂಗಳೂರು-ಚೆನ್ನೈ ದಾರಿ ಕೃಷ್ಣಗಿರಿಯ ಮೇಲೆಯೇ ಹಾದುಹೋಯಿತು. ಮೊದಲು ನಾಲ್ಕು ಪಥ, ಆಮೇಲೆ ಆರು ಪಥ. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ 7 ಹೋಗಿ 44 ಆಯಿತು, ಕೃಷ್ಣಗಿರಿಯಿಂದ ರಾಣಿಪೇಟೆ ಕಡೆಗೆ ಕವಲೊಡೆಯುವ 46 ಹೋಗಿ 48 ಆಯಿತು. ಅದೇ 2010ರ ಜನವರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೇಲುಸೇತುವೆ ತೆರೆದ ಮೇಲೆ ಬೆಂಗಳೂರಿನವರಿಗೆ ಊರು ಬಿಟ್ಟು ಹೊರಬರುವುದೇ ಸುಲಭವಾಯಿತು. ವಾರಾಂತ್ಯದ ಪ್ರವಾಸ ಅನ್ನುವುದು ನಮ್ಮ ಕಣ್ಣೆದುರೇ ಹುಟ್ಟಿ ಬೆಳೆಯಿತು.

ಹೋಟೆಲುಗಳು ಬಂದದ್ದು ಈ ಕಾರುಗಳ ಹಿಂದೆಯೇ. ಅಡ್ಯಾರ್ ಆನಂದ ಭವನ ಬಂತು, ಕಾಫಿಯ ಕಂಪನಿಗಳು ಬಂದವು, ಅಮೆರಿಕದ ಬರ್ಗರ್ ಬಂತು, ಕರಿದ ಕೋಳಿ ಬಂತು. ಮೇಲುಸೇತುವೆ ಇಳಿದು ಸರ್ವಿಸ್ ರಸ್ತೆಗೆ ತಿರುಗುವ ಜಾಗ, ಟೋಲ್ ಗೇಟಿನ ಹಿಂದೆ ಮುಂದೆ - ಎಲ್ಲಿ ಗಾಡಿ ತಾನಾಗಿ ನಿಧಾನವಾಗುತ್ತದೋ ಅಲ್ಲಿ ಇವು ಗುಂಪುಗುಂಪಾಗಿ ನಿಂತಿವೆ. ಒಬ್ಬರ ಪಕ್ಕ ಇನ್ನೊಬ್ಬರು ಯಾಕೆ ಅಂಗಡಿ ಹಾಕುತ್ತಾರೆ, ವ್ಯಾಪಾರ ಹಂಚಿಹೋಗುವುದಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಒಂದು ಕಾರಿನಲ್ಲಿ ಅಜ್ಜಿಗೆ ಇಡ್ಲಿ ಬೇಕು, ಮೊಮ್ಮಗನಿಗೆ ಬರ್ಗರ್ ಬೇಕು. ಎರಡೂ ಇರುವ ಕಡೆಯೇ ಕಾರು ನಿಲ್ಲುವುದು.

ಇವುಗಳನ್ನು ಬೈಯುವುದು ಸುಲಭ. ಬರೆಯುವವರೆಲ್ಲ ಬೈಯುತ್ತಾರೆ ಕೂಡ. ನಾವು ಬೈಯುವುದಿಲ್ಲ. ಕಾರಣ ಬಹಳ ಸರಳ - ಶೌಚಾಲಯ. ಹಳೆಯ ಗರಿಯ ಹೋಟೆಲಿನ ಸಾರು ಎಷ್ಟು ರುಚಿಯಾಗಿತ್ತು ಎಂದು ಹೇಳುವವರೆಲ್ಲ ಗಂಡಸರೇ. ಆ ಕಾಲದಲ್ಲಿ ಬಸ್ಸಿನಲ್ಲಿ ದೂರ ಹೋದ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಸೇಲಂ ತನಕ ನೀರು ಕುಡಿಯದೆ ಕುಳಿತವರು ನಮ್ಮ ಶಿಕ್ಷಕಿಯರಲ್ಲೇ ಇದ್ದಾರೆ. ಗೊತ್ತಿರುವ ಹೆಸರಿನ ಬೋರ್ಡು ಕಂಡರೆ ಪ್ರಯಾಣಿಕರು ಇಳಿಯುವುದು ಮಸಾಲೆದೋಸೆಗಾಗಿ ಮಾತ್ರ ಅಲ್ಲ. ಒಳಗೆ ಶೌಚಾಲಯ ಇರುತ್ತದೆ, ತೊಳೆದಿರುತ್ತದೆ, ಬಾಗಿಲಿಗೆ ಚಿಲಕ ಇರುತ್ತದೆ ಎಂಬ ಧೈರ್ಯಕ್ಕೆ.

ಆದರೂ ಒಂದು ವಿಷಯ ಕಾಡುತ್ತದೆ. ಈ ಹೋಟೆಲುಗಳ ಮುಖ ಇರುವುದು ರಸ್ತೆಯ ಕಡೆಗೆ, ಬೆನ್ನು ಊರಿನ ಕಡೆಗೆ. ಗೋಡೆಯ ಹಿಂದೆ ರಾಗಿ ಹೊಲ, ಟೊಮೆಟೊ, ಗುಲಾಬಿ, ಮಾವಿನ ತೋಪು. ಆದರೆ ಒಳಗೆ ಎಲ್ಲಿಯೂ ರಾಗಿಮುದ್ದೆ ಸಿಗುವುದಿಲ್ಲ. ಕೃಷ್ಣಗಿರಿ ಅಣೆಕಟ್ಟೆಯ ಹತ್ತಿರ ಬಿಸಿಬಿಸಿ ಮೀನು ಕರಿದುಕೊಡುತ್ತಾರೆ, ಅದರ ರುಚಿ ಗೊತ್ತಿರುವುದು ಹೆದ್ದಾರಿ ಬಿಟ್ಟು ಒಳಗೆ ಬಂದವರಿಗೆ ಮಾತ್ರ. ಹೋಟೆಲಿನವರಿಗೆ ನಾವು ಗಿರಾಕಿಗಳಲ್ಲ. ಅಲ್ಲಿಯ ಒಂದು ಕಾಫಿಯ ದುಡ್ಡಿಗೆ ನಮ್ಮೂರಿನ ಅಂಗಡಿಯಲ್ಲಿ ಮೂವರು ಟೀ ಕುಡಿಯಬಹುದು.

ಬೋರ್ಡುಗಳ ಮಾತು ಬಂತು ನೋಡಿ. ಹೊಸೂರು ಅಂದರೆ ಹೊಸ ಊರು, ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿಂದ ಶೂಲಗಿರಿಗೆ ಹೋಗುವಾಗ ಕಾಮನದೊಡ್ಡಿ ಸಿಗುತ್ತದೆ. ದೊಡ್ಡಿ ಅಂದರೆ ದನ ಕೂಡುವ ಜಾಗ, ಅಪ್ಪಟ ಕನ್ನಡ. ಮುಂದೆ ಕುರುಬರಹಳ್ಳಿ, ಹಸಿರು ಫಲಕದಲ್ಲಿ ಕುರುಬರಪಳ್ಳಿ ಎಂದಿದೆ. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ಹೊಸೂರು ತಾಲೂಕು ಮದರಾಸಿನಲ್ಲೇ ಉಳಿಯಿತು. ಊರಿನ ಹೆಸರುಗಳು ಹಾಗೇ ಉಳಿದವು, ಮನೆಯ ಮಾತೂ ಉಳಿಯಿತು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ. ಕೆಎ ನಂಬರಿನ ಕಾರುಗಳೇ ಸಾಲಾಗಿ ನಿಲ್ಲುವ ಹೋಟೆಲುಗಳಲ್ಲಿ ಒಂದು ಸಾಲು ಕನ್ನಡ ಬರೆಸಿದರೆ ಮಾಲೀಕರಿಗೇ ಲಾಭ. ಒಮ್ಮೆ ಒಂದು ಹೋಟೆಲಿನ ಮ್ಯಾನೇಜರಿಗೆ ಹೀಗೆ ಹೇಳಿದೆವು. "ಎಲ್ಲ ಹೆಡ್ ಆಫೀಸಿನಿಂದ ಬರುತ್ತೆ ಸಾರ್" ಅಂದರು. ಅವರದ್ದೂ ತಪ್ಪಲ್ಲ. ಚಟ್ನಿಯ ಅಳತೆಯೇ ಹೆಡ್ ಆಫೀಸಿನಿಂದ ಬರುವಾಗ ಬೋರ್ಡಿನ ಪಾಡೇನು!

ಈಗ ನಮ್ಮ ಮಕ್ಕಳ ವಿಷಯ.

ಅಡುಗೆಮನೆಯಲ್ಲಿ, ಮೇಜು ಒರೆಸುವಲ್ಲಿ ಈಗ ಒಡಿಶಾ, ಅಸ್ಸಾಂ ಕಡೆಯ ಹುಡುಗರೇ ಹೆಚ್ಚು. ಪಾಪ, ಎಷ್ಟು ದೂರದಿಂದ ಬಂದಿರುತ್ತಾರೆ. ಅವರಿಗೆ ಹಿಂದಿ ಬರುತ್ತದೆ, ಇಲ್ಲಿಯ ಮಾತು ಬರುವುದಿಲ್ಲ. ಹೀಗಾಗಿ ಬಿಲ್ಲಿನ ಮೇಜು, ಆರ್ಡರ್ ತೆಗೆದುಕೊಳ್ಳುವುದು, ಗಾಡಿ ನಿಲ್ಲಿಸುವ ಜಾಗ, ಇಲ್ಲೆಲ್ಲ ಸ್ಥಳೀಯರು ಬೇಕು. ನಮ್ಮ ಕನ್ನಡ ಮಾಧ್ಯಮದ ಹಳೆಯ ವಿದ್ಯಾರ್ಥಿಗಳು ಎಷ್ಟೋ ಜನ ಅಲ್ಲಿದ್ದಾರೆ. ಕನ್ನಡ ಓದಿದ್ದಾರೆ, ತೆಲುಗು ಬೀದಿಯಲ್ಲಿ ಬಂತು, 2006ರ ತಮಿಳು ಕಲಿಕೆ ಕಾಯಿದೆಯ ನಂತರ ತಮಿಳನ್ನೂ ಓದಿ ಬರೆಯುತ್ತಾರೆ. (ಆ ಕಾಯಿದೆ, ಅದರ ಕೋರ್ಟು ಕಚೇರಿ, ಅದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಬರೆಯೋಣ.) ಇಂಥ ಹುಡುಗನೊಬ್ಬ "ಏನ್ ಕೊಡ್ಲಿ ಸಾರ್?" ಅಂದರೆ ಬೆಂಗಳೂರಿನವರು ತಲೆಯೆತ್ತಿ ನೋಡುತ್ತಾರೆ. "ಓ, ಕನ್ನಡದೋರಾ? ಯಾವ ಊರು?" "ಇಲ್ಲೇ ಸಾರ್, ಹಿಂದುಗಡೆ ಹಳ್ಳಿ." "ತಮಿಳುನಾಡಲ್ಲಿ ಕನ್ನಡ ಹೆಂಗೆ ಕಲಿತ್ರಿ?" ಈ ಪ್ರಶ್ನೆಯನ್ನು ನಮ್ಮ ಮಕ್ಕಳು ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುತ್ತಾರೆ. ಒಬ್ಬಳು ಹೇಳಿದಳು, "ಹುಟ್ಟಿದಾಗಿಂದ ಅಂತ ಹೇಳ್ತೀನಿ ಸಾರ್, ಅವರು ನಗ್ತಾರೆ. ಜೋಕ್ ಅಂದ್ಕೊಳ್ತಾರೆ."

ಪ್ರತಿ ವರ್ಷ ಶಾಲೆಗೆ ಮಕ್ಕಳನ್ನು ಸೇರಿಸಲು ಮನೆಮನೆಗೆ ಹೋದಾಗ ಪಾಲಕರು ಒಂದೇ ಮಾತು ಕೇಳುತ್ತಾರೆ - ಕನ್ನಡ ಓದಿ ಏನು ಮಾಡುತ್ತಾರೆ? ನೋಡಿ, ಹೆದ್ದಾರಿಯಲ್ಲಿ ಕನ್ನಡ ಬಂದವರಿಗೆ ಕೆಲಸ ಇದೆ ಎಂದು ತೋರಿಸಬಹುದು. ನಮ್ಮಲ್ಲಿ ಕೆಲವರು ತೋರಿಸುತ್ತಾರೆ ಸಹ. ನಮಗೆ ಮಾತ್ರ ಆ ಉತ್ತರ ಬಾಯಿಗೆ ಬರುವುದಿಲ್ಲ. ಹತ್ತು ವರ್ಷ ಕೂತು ವ್ಯಾಕರಣ ತಿದ್ದಿ, ಪದ್ಯ ಬಾಯಿಪಾಠ ಮಾಡಿಸಿದ್ದು ದೋಸೆಯ ಆರ್ಡರ್ ತೆಗೆದುಕೊಳ್ಳಲಿಕ್ಕಾ? ಹಾಗೆಂದು ಆ ಕೆಲಸವನ್ನು ಕೀಳು ಮಾಡಲೂ ಆಗದು. ಆ ಸಂಬಳದಲ್ಲಿ ತಂಗಿಯನ್ನು ನರ್ಸಿಂಗ್ ಓದಿಸಿದವನು ನಮ್ಮ ವಿದ್ಯಾರ್ಥಿಯೇ.

ಇನ್ನೊಂದು ಮಾತು. 2022ರ ಸೆಪ್ಟೆಂಬರ್ 15ರಂದು ತಮಿಳುನಾಡಿನಲ್ಲಿ ಮುಖ್ಯಮಂತ್ರಿಗಳ ಬೆಳಗಿನ ತಿಂಡಿ ಯೋಜನೆ ಮದುರೆಯಲ್ಲಿ ಶುರುವಾಯಿತು. 2023ರ ಆಗಸ್ಟ್ 25ರಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿತು, ಕನ್ನಡ ಶಾಲೆಗಳೂ ಸೇರಿ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಉಪ್ಪಿಟ್ಟು, ಕಿಚಡಿ, ಪೊಂಗಲ್, ಜೊತೆಗೆ ತರಕಾರಿ ಸಾಂಬಾರು. ಅತ್ತ ಹೆದ್ದಾರಿಯಲ್ಲಿ ಗಾಜಿನ ಹಿಂದೆ ಪೊಂಗಲ್, ಇತ್ತ ಶಾಲೆಯ ಜಗಲಿಯಲ್ಲಿ ಪೊಂಗಲ್. ನಡುವೆ ಒಂದೇ ಕಿಲೋಮೀಟರು. ಜಗಲಿಯಲ್ಲಿ ಕುಳಿತು ತಿನ್ನುವ ಕೆಲವು ಮಕ್ಕಳ ತಾಯಂದಿರು ಅದೇ ಹೊತ್ತಿಗೆ ಹೆದ್ದಾರಿಯ ಹೋಟೆಲುಗಳಲ್ಲಿ ತರಕಾರಿ ಹೆಚ್ಚುತ್ತಿರುತ್ತಾರೆ. ಮೊದಲು ಅವರು ಆರು ಗಂಟೆಗೆ ಕೆಲಸಕ್ಕೆ ಹೊರಟರೆ ಮಗು ಖಾಲಿ ಹೊಟ್ಟೆಯಲ್ಲಿ ಬರುತ್ತಿತ್ತು. ಈಗ ಹಾಗಿಲ್ಲ.

ಟೋಲ್ ಗೇಟಿನ ಬಗ್ಗೆ ಹೇಳಲೇಬೇಕು. ಹಿಂದೆ ಅಲ್ಲಿ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಸೌತೆಕಾಯಿ, ಸೀಬೆ, ಕಡಲೆಕಾಯಿ, ಮೇ ತಿಂಗಳಲ್ಲಿ ಮಾವಿನ ಹಣ್ಣು ಹಿಡಿದು ನಮ್ಮ ಹಳ್ಳಿಗಳ ಹೆಂಗಸರು ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದರು. ಅದೂ ಒಂದು ಹೋಟೆಲೇ ಅನ್ನಿ, ಗೋಡೆ ಇಲ್ಲದ್ದು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಗಾಡಿಗಳು ನಿಲ್ಲುವುದು ಕಡಿಮೆಯಾಯಿತು, ಪ್ರಯಾಣಿಕರಿಗೆ ಒಳ್ಳೆಯದೇ ಆಯಿತು. ಸೀಬೆಹಣ್ಣಿನವರು ಎಲ್ಲಿ ಹೋದರು ಎಂದು ಯಾರೂ ಕೇಳಲಿಲ್ಲ. ಕೆಲವರು ಅದೇ ಹೋಟೆಲುಗಳಿಗೆ ಪಾತ್ರೆ ತೊಳೆಯಲು ಸೇರಿದರು.

ರಸ್ತೆ ಕೊಡುವುದೂ ಹಾಗೆ, ಕಿತ್ತುಕೊಳ್ಳುವುದೂ ಹಾಗೆ. ಮದ್ದೂರನ್ನು ನೋಡಿ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ, ಮದ್ದೂರು ಮೂರನ್ನೂ ಬದಿಗಿಟ್ಟು ಗಾಡಿಗಳು ಹಾರಿಹೋದವು. ವಡೆಗೆ ತನ್ನ ಹೆಸರು ಕೊಟ್ಟ ಊರಿನಲ್ಲೇ ವಡೆ ತಿನ್ನಲು ನಿಲ್ಲುವವರು ಕಡಿಮೆಯಾದರು. ಚನ್ನಪಟ್ಟಣದ ಗೊಂಬೆ ಅಂಗಡಿಯವರಿಗೂ ಅದೇ ಪೆಟ್ಟು.

ಅಮೆರಿಕದಲ್ಲೂ ಇದೇ ಕಥೆ. ಹಾರ್ಲೆಂಡ್ ಸ್ಯಾಂಡರ್ಸ್ ಎಂಬಾತ 1930ರಲ್ಲಿ ಕೆಂಟಕಿ ರಾಜ್ಯದ ಕಾರ್ಬಿನ್ ಎಂಬ ಊರಿನ ಪೆಟ್ರೋಲ್ ಬಂಕಿನಲ್ಲಿ ದಾರಿಹೋಕರಿಗೆ ಊಟ ಹಾಕಲು ಶುರುಮಾಡಿದ. ಚೆನ್ನಾಗಿ ನಡೆಯಿತು. 1950ರ ದಶಕದಲ್ಲಿ ಹೊಸ ಹೆದ್ದಾರಿ ಅವನ ಊರನ್ನು ಬಿಟ್ಟು ಪಕ್ಕದಲ್ಲಿ ಹೋಗುವುದೆಂದು ತೀರ್ಮಾನವಾಯಿತು. 1956ರಲ್ಲಿ ಹೋಟೆಲನ್ನು ಹರಾಜು ಹಾಕಿ, ಅರುವತ್ತೈದು ದಾಟಿದ ವಯಸ್ಸಿನಲ್ಲಿ ಕಾರು ಹತ್ತಿ, ಊರೂರು ತಿರುಗಿ ಬೇರೆ ಹೋಟೆಲುಗಳಿಗೆ ತನ್ನ ಕೋಳಿಯ ಪಾಕವನ್ನು ಮಾರಿದ. ಆ ಮುದುಕನ ಮುಖವೇ ಇವತ್ತು ನಮ್ಮ ಹೆದ್ದಾರಿಯ ಕೆಎಫ್‌ಸಿ ಬೋರ್ಡಿನಲ್ಲಿ ನಗುತ್ತಿರುವುದು! ಆ ಅಂಗಡಿ 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಪ್ರತಿಭಟಿಸಿತ್ತು, 1996ರ ಜನವರಿಯಲ್ಲಿ ಒಳಗೆ ನುಗ್ಗಿದ್ದೂ ಆಗಿತ್ತು. ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.

ಈಗ ನಮ್ಮ ಸರದಿ. ಹೊಸಕೋಟೆಯಿಂದ ಶ್ರೀಪೆರಂಬದೂರಿಗೆ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ರಸ್ತೆ, ಸುಮಾರು 260 ಕಿ.ಮೀ., 2022ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾದದ್ದು. ಕೋಲಾರದ ಕಡೆಯಿಂದ ಚಿತ್ತೂರು, ರಾಣಿಪೇಟೆಯ ಮೇಲೆ ಹೋಗುತ್ತದೆ. ಹೊಸೂರೂ ಇಲ್ಲ, ಕೃಷ್ಣಗಿರಿಯೂ ಇಲ್ಲ. ಕರ್ನಾಟಕದ ಭಾಗದಲ್ಲಿ, ಬೇತಮಂಗಲದವರೆಗೆ, 2024ರ ಕೊನೆಯಿಂದಲೇ ಗಾಡಿಗಳು ಓಡಿವೆ. ಸೇಲಂ, ಕೊಯಮತ್ತೂರು, ಮದುರೆಗೆ ಹೋಗುವವರು ನಮ್ಮ ದಾರಿಯಲ್ಲೇ ಬರಬೇಕು, ಅದು ನಿಜ. ಆದರೆ ಚೆನ್ನೈಗೆ ಹೋಗುವವರು ಆ ಕಡೆ ತಿರುಗಿದರೆ ಇಲ್ಲಿ ಎಷ್ಟು ಮೇಜು ಖಾಲಿಯಾಗುತ್ತದೋ? ವಾಣಿಯಂಬಾಡಿ, ಆಂಬೂರಿನ ಬಿರಿಯಾನಿಯವರಿಗೆ ನಮಗಿಂತ ಹೆಚ್ಚು ಚಿಂತೆ ಇರಬೇಕು. ಹೊಸ ರಸ್ತೆಗೆ ಎಲ್ಲೆಂದರಲ್ಲಿ ಹತ್ತಿ ಇಳಿಯಲು ಆಗುವುದಿಲ್ಲ, ತಿಂಡಿಯ ಜಾಗವನ್ನೂ ಮೊದಲೇ ಗುರುತು ಮಾಡಿರುತ್ತಾರೆ. ಅಲ್ಲಿ ಸೀಬೆಹಣ್ಣಿನ ಬುಟ್ಟಿಗೆ ಜಾಗವೇ ಇಲ್ಲ.

ಮೊನ್ನೆ ದಾಖಲಾತಿಯ ತಿರುಗಾಟದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಒಂದು ದೊಡ್ಡ ಹೋಟೆಲಿನಲ್ಲಿ ಸೂಪರ್‌ವೈಸರ್. ಹೊಸ ರಸ್ತೆಯ ವಿಷಯ ಕೇಳಿದೆವು. "ಸೇಲಂ ರೋಡ್ ಇರುತ್ತಲ್ಲ ಸಾರ್. ಇಲ್ಲ ಅಂದ್ರೆ ಎಲ್ಲಿ ರೋಡೋ ಅಲ್ಲಿಗೆ ಟ್ರಾನ್ಸ್‌ಫರ್ ಮಾಡ್ತಾರೆ" ಅಂದ. ಮಗಳಿಗೆ ಐದು ತುಂಬಿದೆ. ಯಾವ ಶಾಲೆ ಎಂದು ಕೇಳಿದರೆ ಸ್ವಲ್ಪ ಹೊತ್ತು ನೆಲ ನೋಡಿದ. ಹೆಂಡತಿಗೆ ಇಂಗ್ಲಿಷ್ ಮೀಡಿಯಂ ಮೇಲೆ ಮನಸ್ಸಂತೆ, ಶಾಲೆಯ ವ್ಯಾನು ಮನೆ ಬಾಗಿಲಿಗೇ ಬರುತ್ತದಂತೆ. "ನಮ್ಮಮ್ಮ ಮಾತ್ರ ಕನ್ನಡಕ್ಕೇ ಹಾಕು ಅಂತಿದ್ದಾರೆ. ಇನ್ನೂ ತೀರ್ಮಾನ ಆಗಿಲ್ಲ ಸಾರ್." ಮಗು ಬಾಗಿಲ ಮರೆಯಿಂದ ನಮ್ಮನ್ನೇ ನೋಡುತ್ತಿತ್ತು. ಹೆಸರು ಕೇಳಿದೆವು, ಕನ್ನಡದಲ್ಲೇ ಹೇಳಿತು. ಅರ್ಜಿ ಫಾರಂ ಒಂದನ್ನು ಅವನ ಕೈಗೆ ಕೊಟ್ಟು ಮುಂದಿನ ಮನೆಗೆ ಹೋದೆವು.